ಬಡ ಗ್ರಹದಿಂದ ಶುರು ಮಾಡಿ ಸಿಕ್ಕಿಹಾಕಿಕೊಂಡಿದ್ದೀನಿ: ಮಾಸ್ಟರ್ ಆಫ್ ಓರಿಯನ್ 2, ಟರ್ನ್ 40, ಕಾಲೊನಿ ಅನ್ನೋ ಕಾಲೊನಿ ಇಲ್ಲ

ಗುಬ್ಬಚ್ಚಿ_ಗೂಡು

ಎಲ್ಲರಿಗೂ ನಮಸ್ಕಾರ. ಗ್ರಹ ಹಿಡಿದು ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟೋ ಕಂಪ್ಯೂಟರ್ ಆಟ ಇದು, ನಾನು ಹುಟ್ಟೋ ಮೊದಲೇ ಬಂದಿದ್ದು, 1996ರದ್ದು. ಎರಡು ವಾರದಿಂದ ರಾತ್ರಿ ಊಟ ಆದ ಮೇಲೆ ಕೂತ್ಕೊಂಡು ಆಡ್ತಿದ್ದೀನಿ. ಮೂರು ಸಲ ಸೋತೆ. ನಾಲ್ಕನೇ ಸಲ ಸೋಲೋಕೂ ಆಗ್ತಿಲ್ಲ, ಏನೂ ನಡೀತಾನೇ ಇಲ್ಲ.

ನನ್ನ ಕುಲ ನಾನೇ ಮಾಡಿಕೊಂಡಿದ್ದು. ಕುಲದ ಗುಣಗಳನ್ನ ಕೊಳ್ಳೋಕೆ 10 ಪಿಕ್ (ಪಾಯಿಂಟ್) ಕೊಡ್ತಾರಲ್ಲ, ಅದರಲ್ಲಿ ಡೆಮಾಕ್ರಸಿಗೆ 7, ಸಂಶೋಧನೆ +1ಕ್ಕೆ 3. ಅಲ್ಲಿಗೆ ಜೇಬು ಖಾಲಿ. ಆಮೇಲೆ ದೊಡ್ಡ ತವರು ಗ್ರಹ ಬರೀ 1 ಪಿಕ್ ಅಂತ ಕಣ್ಣಿಗೆ ಬಿತ್ತು. ಕೆಳಗೇ ಇತ್ತು, ಖನಿಜ ಕಮ್ಮಿ ಇರೋ ಬಡ ತವರು ತಗೊಂಡ್ರೆ 1 ಪಿಕ್ ವಾಪಸ್. ಒಂದು ಪಿಕ್ ತಾನೇ, ಏನು ಮಹಾ ಅಂತ ಕ್ಲಿಕ್ ಮಾಡಿಬಿಟ್ಟೆ.

ಈಗ ಪರಿಸ್ಥಿತಿ ಹೀಗಿದೆ. ಸ್ಟಾರ್‌ಡೇಟ್ 3504.0. ತವರಲ್ಲಿ 12 ಜನ: 6 ರೈತರು, 5 ಕಾರ್ಮಿಕರು, 1 ವಿಜ್ಞಾನಿ. ಹೊಸ ಗ್ರಹಕ್ಕೆ ಜನ ಇಳಿಸೋ ಕಾಲೊನಿ ಶಿಪ್‌ಗೆ 500 ಉತ್ಪಾದನೆ ಬೇಕು, ಅದರಲ್ಲಿ 302 ಆಗಿದೆ, ಇನ್ನೂ 22 ಟರ್ನ್ ಅಂತಿದೆ. ಅದಕ್ಕೂ ಮುಂಚೆ ಭಯಕ್ಕೆ ಎರಡು ಫ್ರಿಗೇಟ್ ಕಟ್ಟಿದ್ದೆ. ಶುರುವಲ್ಲಿ ಪುಕ್ಕಟೆ ಸಿಗೋ ಕಾಲೊನಿ ಶಿಪ್ಪನ್ನ ನಮ್ಮ ಸೂರ್ಯನ ಸುತ್ತಲೇ ಇರೋ ಒಂದು ಪುಟಾಣಿ ಟಂಡ್ರಾ ಗ್ರಹದಲ್ಲಿ ಇಳಿಸಿದೆ. ಅದು ಅಲ್ಟ್ರಾ ಪೂರ್, ಖನಿಜ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅಲ್ಲಿ ಹಿಡಿಯೋದೇ ಒಬ್ಬ. ಆತ ತಾನೇ ಬೆಳೀತಾನೆ, ತಾನೇ ತಿಂತಾನೆ. 40 ಟರ್ನ್‌ನಿಂದ ಅಷ್ಟೇ ಅವನ ಬದುಕು.

ಅತ್ತ ಎದುರಾಳಿ ಕುಲ, ಕ್ಲಾಕನ್ ಹುಳುಗಳು ಆಗಲೇ ಐದು ಗ್ರಹ ಹಿಡಿದು ಕೂತಿವೆ. ಇದನ್ನ ಉಳಿಸಬಹುದಾ, ಅಥವಾ ಮತ್ತೆ ಹೊಸದಾಗಿ ಶುರು ಮಾಡ್ಲಾ?

---

ರಾತ್ರಿಪಾಳಿ

ಹೊಸದಾಗಿ ಶುರು ಮಾಡಿ. ಬಡ ತವರು ಅನ್ನೋದು ಹೊಸಬರಿಗೆ ಹಾಕಿದ ಬಲೆ. ರಿಚ್ ತವರಿಗೆ 2 ಪಿಕ್, ಬಡ ತವರಿಗೆ ವಾಪಸ್ ಬರೋದು ಬರೀ 1. ಅಂಗಡಿಯವನು ಹಳೇ ಚಿನ್ನ ತಗೊಳ್ಳೋ ರೇಟಿಗೂ ಮಾರೋ ರೇಟಿಗೂ ವ್ಯತ್ಯಾಸ ಇರೋ ಹಾಗೆ.

ಸ್ಟೆಲ್ಲಾರಿಸ್ ಅನ್ನೋ ಇಂಥದ್ದೇ ಇನ್ನೊಂದು ಆಟದಲ್ಲಾದರೆ ಖನಿಜ ಕಮ್ಮಿ ಬಿತ್ತು ಅಂದ್ರೆ ಎನರ್ಜಿ ಕೊಟ್ಟು ಮಾರ್ಕೆಟ್ಟಲ್ಲಿ ತಗೋಬಹುದು, ಕಮಿಷನ್ ಹೋಗುತ್ತೆ ಅಷ್ಟೆ. ಇಲ್ಲಿ ಆ ಬಾಗಿಲೂ ಇಲ್ಲ. ಒಂದು ಗ್ರಹದ ಉತ್ಪಾದನೆ ಆ ಗ್ರಹದಲ್ಲೇ ಕರಗಬೇಕು.

---

ಲೆಕ್ಕದ_ಮೇಷ್ಟ್ರು

ಅಷ್ಟು ಬೇಗ ಕೈ ಬಿಡಬೇಡಿ. ಮೊದಲು ಲೆಕ್ಕ ಹಾಕೋಣ.

ಒಬ್ಬ ಕಾರ್ಮಿಕ ಎಷ್ಟು ಕೊಡ್ತಾನೆ ಅನ್ನೋದು ನೆಲದ ಮೇಲೆ ನಿಂತಿದೆ. ಅಲ್ಟ್ರಾ ಪೂರ್ ನೆಲದಲ್ಲಿ 1, ಪೂರ್‌ನಲ್ಲಿ 2, ಸಾಧಾರಣ ನೆಲದಲ್ಲಿ 3, ರಿಚ್‌ನಲ್ಲಿ 5, ಅಲ್ಟ್ರಾ ರಿಚ್‌ನಲ್ಲಿ 8. ಆಟ ಶುರುವಾದಾಗ 8 ಜನ, ಅದರಲ್ಲಿ 4 ಜನ ಗದ್ದೆಗೆ ಹೋದರೆ ಉಳಿದ 4 ಜನ ಕಾರ್ಮಿಕರು. ಬಡ ತವರಲ್ಲಿ 8 ಬರುತ್ತೆ, ಸಾಧಾರಣ ತವರಲ್ಲಿ 12. ಮೂರರಲ್ಲಿ ಒಂದು ಪಾಲು ಹೋಯ್ತು ಅಂತ ಎದೆ ಧಸಕ್ ಅನ್ನುತ್ತೆ, ನಿಜ.

ಆದರೆ ಮಾಲಿನ್ಯ ಮರೆತಿದ್ದೀರಿ. ದೊಡ್ಡ ಗಾತ್ರದ ಗ್ರಹ 8ರವರೆಗೆ ಹೊಗೆ ತಡೆದುಕೊಳ್ಳುತ್ತೆ. ಅದರ ಮೇಲೆ ಬಂದದ್ದರಲ್ಲಿ ಅರ್ಧ ಚೊಕ್ಕಟ ಮಾಡೋಕೇ ಹೋಗುತ್ತೆ. ಬಡ ತವರಿನ 8ಕ್ಕೆ ಏನೂ ಕಡಿತ ಇಲ್ಲ, ಪೂರಾ 8 ಕೈಗೆ. ಸಾಧಾರಣ ತವರಿನ 12ರಲ್ಲಿ 4 ಹೆಚ್ಚುವರಿ, ಅದರಲ್ಲಿ 2 ಹೊಗೆಗೆ, ಕೈಗೆ 10. ಅಂದರೆ ನೀವು ಕಳ್ಕೊಂಡಿದ್ದು ಟರ್ನ್‌ಗೆ 2. ಈಗಲೂ ನಿಮ್ಮ 5 ಜನ 10 ತರ್ತಿದ್ದಾರೆ, 9 ಉಳೀತಿದೆ, 198 ಬಾಕಿಗೆ 22 ಟರ್ನ್. ಸರಿಹೋಯ್ತಲ್ಲ?

ನಿಮ್ಮ ಕಷ್ಟಕ್ಕೆ ನೆಲ ಕಾರಣ ಅಲ್ಲ. ಬಡ ನೆಲದಲ್ಲಿ ಕೂತು 500ರ ಹಡಗು ಕಟ್ಟೋಕೆ ಹೋಗಿದ್ದು ಕಾರಣ.

---

ರಾತ್ರಿಪಾಳಿ

ಮೇಷ್ಟ್ರೇ, ಕಾಲೊನಿ ಶಿಪ್ ಕಟ್ಟದೆ ಇನ್ನೇನು ಕಟ್ಟಬೇಕು ಹಾಗಾದ್ರೆ? ಆಕಾಶ ನೋಡ್ತಾ ಕೂರೋದಾ?

---

ಹಳೇ_ಡಾಸ್

ಹೌದು, ಹತ್ತು ಟರ್ನ್ ಆಕಾಶ ನೋಡ್ತಾ ಕೂರಬೇಕು. ನಿಜವಾಗಲೂ.

ನಾನು ಇದನ್ನ ಆಟ ಮಾಡಿದ ಕಂಪನಿ ಸಿಮ್‌ಟೆಕ್ಸ್ ಬಾಗಿಲು ಹಾಕಿದ ವರ್ಷ, ಅಂದರೆ 1997ರಿಂದ ಆಡ್ತಿದ್ದೀನಿ. ಸ್ನೇಹಿತನ ಮನೆಯಲ್ಲಿ ಒಂದೇ ಕಂಪ್ಯೂಟರು, ನಾವು ನಾಲ್ಕು ಜನ, ಒಬ್ಬೊಬ್ಬರು ಒಂದೊಂದು ಕುಲ, ಪಾಳಿ ಮೇಲೆ ಕುರ್ಚಿ. ಅವರಮ್ಮ ಮಂಡಕ್ಕಿ ತಂದುಕೊಟ್ಟು ತಂದುಕೊಟ್ಟು ಸೋತುಹೋಗಿದ್ರು. ಬೇಕೂ ಅಂತಲೇ ಬಡ ತವರು ತಗೊಂಡು ಆಡಿದ್ದೂ ಉಂಟು.

ಗುಬ್ಬಚ್ಚಿ, ನಿನ್ನ ಕುಲದ ಪಟ್ಟಿ ಇನ್ನೊಂದು ಸಲ ಓದಿಕೋ. ಡೆಮಾಕ್ರಸಿ. ಸಂಶೋಧನೆ +1. ವಿಜ್ಞಾನಿಗೆ ನೆಲದಲ್ಲಿ ಕಬ್ಬಿಣ ಇದ್ದರೆಷ್ಟು, ಇಲ್ಲದಿದ್ದರೆಷ್ಟು? ಸಾಮಾನ್ಯ ವಿಜ್ಞಾನಿ 3 ಕೊಡ್ತಾನೆ. ನಿನ್ನವನು 4. ಅದರ ಮೇಲೆ ಡೆಮಾಕ್ರಸಿಯ ಐವತ್ತು ಪರ್ಸೆಂಟ್, ಅಲ್ಲಿಗೆ ತಲೆಗೆ 6. ನಿನ್ನ ಊರಲ್ಲಿ ಕಾರ್ಮಿಕನ ಬೆಲೆ 2, ವಿಜ್ಞಾನಿಯ ಬೆಲೆ 6. ನೀನು ಐದು ಜನರನ್ನ 2ರ ಕೂಲಿಗೆ ಹಚ್ಚಿ, ಒಬ್ಬನನ್ನ ಮಾತ್ರ 6ಕ್ಕೆ ಬಿಟ್ಟಿದ್ದೀಯ!

ನಾನಾಗಿದ್ದರೆ ಹೀಗೆ ಮಾಡ್ತಿದ್ದೆ. ಮೊದಲ ಟರ್ನ್‌ನಲ್ಲೇ ಆ 4 ಕಾರ್ಮಿಕರನ್ನೂ ಹಿಡಿದು ವಿಜ್ಞಾನಿಗಳ ಸಾಲಿಗೆ ಎತ್ತಿಹಾಕು. ಉತ್ಪಾದನೆ ಸೊನ್ನೆ ತೋರಿಸುತ್ತೆ, ತೋರಿಸ್ಲಿ. ಟರ್ನ್‌ಗೆ 24 ಸಂಶೋಧನೆ ಬರುತ್ತೆ. ಅಡ್ವಾನ್ಸ್ಡ್ ಎಂಜಿನಿಯರಿಂಗ್ 80, ಅದಾದ ಮೇಲೆ ಅಡ್ವಾನ್ಸ್ಡ್ ಕನ್‌ಸ್ಟ್ರಕ್ಷನ್ 150, ಒಟ್ಟು 230. ಹತ್ತು ಟರ್ನ್, ಒಂದೆರಡು ಆಚೀಚೆ. ಅಲ್ಲಿ ಮೂರು ಆಯ್ಕೆ ಕೊಡುತ್ತೆ, ಒಂದೇ ಆರಿಸಬೇಕು. ಕಣ್ಣುಮುಚ್ಚಿ ಆಟೊಮೇಟೆಡ್ ಫ್ಯಾಕ್ಟರಿ.

ಈಗ ನಾಲ್ಕೂ ಜನರನ್ನ ಕೆಳಗೆ ಕಾರ್ಮಿಕರ ಸಾಲಿಗೆ ಇಳಿಸು. ಫ್ಯಾಕ್ಟರಿಗೆ 60 ಬೇಕು, 8ರ ಲೆಕ್ಕದಲ್ಲಿ 8 ಟರ್ನ್.

ಅದು ಎದ್ದು ನಿಂತ ಟರ್ನ್‌ನಲ್ಲಿ ಏನಾಗುತ್ತೆ ನೋಡು. ಫ್ಯಾಕ್ಟರಿ ಪ್ರತಿ ಕಾರ್ಮಿಕನಿಗೆ 1 ಸೇರಿಸುತ್ತೆ, ಜೊತೆಗೆ ಗ್ರಹಕ್ಕೆ ಸುಮ್ಮನೆ 5 ಕೊಡುತ್ತೆ. ಆ 5 ಬಡವರ ಗ್ರಹಕ್ಕೂ 5, ಸಾಹುಕಾರರ ಗ್ರಹಕ್ಕೂ 5. ಈಗ ಒಬ್ಬನೇ ಒಬ್ಬ ಕಾರ್ಮಿಕನನ್ನ ಬಿಟ್ಟರೆ 3 ಕೂಡಿಸು 5, ಎಂಟು. ನಿನ್ನೆವರೆಗೆ ನಾಲ್ಕು ಜನ ಬೆವರು ಸುರಿಸಿ ತರ್ತಿದ್ದ ಎಂಟು! ದೊಡ್ಡ ಗ್ರಹ ಆಗಿರೋದರಿಂದ ಹೊಗೆ ಕಡಿತವೂ ಇಲ್ಲ. ಉಳಿದ ಮೂವರು ವಾಪಸ್ ವಿಜ್ಞಾನಿಗಳು, 18 ಸಂಶೋಧನೆ.

ಹತ್ತು ಟರ್ನ್ ಆಕಾಶ ನೋಡಿದ್ದಕ್ಕೆ ಸಿಕ್ಕಿದ್ದು ಇದು.

---

ಕುಡ್ಲದ_ಕಡಲು

ಹಳೇ ಡಾಸ್ ಹೇಳಿದ್ದು ಸರಿ ಉಂಟು. ಆದ್ರೆ ಆ ಮೂರು ಆಯ್ಕೆಯ ಹತ್ತಿರ ಸ್ವಲ್ಪ ಜಾಗ್ರತೆ ಮಾರಾಯ್ರೆ. ನಾನು ಒಮ್ಮೆ ಹೆದರಿ ಪ್ಲಾನೆಟರಿ ಮಿಸೈಲ್ ಬೇಸ್ ತಗೊಂಡೆ. ಪಕ್ಕದಲ್ಲಿ ಅಲ್ಕಾರಿ ಹಕ್ಕಿಗಳು, ಯಾವಾಗ ಬಂದು ಮೇಲೆ ಬೀಳ್ತಾವೋ ಅಂತ. ಮೂರೂ ಒಟ್ಟಿಗೆ ಸಿಗುವ ಕ್ರಿಯೇಟಿವ್ ಕುಲ ಅಲ್ಲದಿದ್ದರೆ ಬಿಟ್ಟದ್ದು ಹೋಯಿತು, ಮತ್ತೆ ನೀವಾಗಿ ಸಂಶೋಧನೆ ಮಾಡ್ಲಿಕ್ಕೆ ಆಗುವುದಿಲ್ಲ. ಬಡ ಗ್ರಹ, ಮೇಲಿಂದ ಫ್ಯಾಕ್ಟರಿಯೂ ಇಲ್ಲ.

ಕೊನೆಗೆ ಎಂತ ಮಾಡಿದ್ದು ಗೊತ್ತುಂಟಾ? ಯಾವ ಅಲ್ಕಾರಿಗೆ ಹೆದರಿ ಮಿಸೈಲ್ ತಗೊಂಡಿದ್ದೆನೋ ಅದೇ ಅಲ್ಕಾರಿಯ ಹತ್ತಿರ ಹೋಗಿ ಟೆಕ್ನಾಲಜಿ ವಿನಿಮಯ ಕೇಳಿದೆ. ರಿಸರ್ಚ್ ಲ್ಯಾಬ್ ಕೊಟ್ಟು ಫ್ಯಾಕ್ಟರಿ ತಗೊಂಡೆ. ಅವರು ಒಮ್ಮೆಯೂ ಯುದ್ಧಕ್ಕೆ ಬರಲೇ ಇಲ್ಲ. ಆ ಮಿಸೈಲ್ ಬೇಸ್ ನಾನು ಕೊನೆಯವರೆಗೆ ಕಟ್ಟಲೂ ಇಲ್ಲ.

ಸಂಶೋಧನೆ ಜೋರಿದ್ದರೆ ಇದೊಂದು ದಾರಿ ಉಂಟು. ನಿಮ್ಮ ಕೈಲಿ ಹೊಸ ವಿದ್ಯೆ ಇದ್ದರೆ ಬೇರೆಯವರ ಹತ್ತಿರ ಇಲ್ಲದ್ದನ್ನು ಕೇಳಬಹುದು. ರಿಪಲ್ಸಿವ್ ಕುಲದವರಿಗೆ ಮಾತ್ರ ಇದು ಸಿಗುವುದಿಲ್ಲ, ಅವರ ಹತ್ತಿರ ಯಾರೂ ಮಾತೇ ಆಡುವುದಿಲ್ಲ ಪಾಪ.

---

ಗುಬ್ಬಚ್ಚಿ_ಗೂಡು

ಹಳೇ ಡಾಸ್ ಅಣ್ಣ, ಓದಿ ತಲೆ ತಿರುಗ್ತು. 2ಕ್ಕೆ 6 ಅನ್ನೋದು ನನ್ನ ಕಣ್ಣ ಮುಂದೇ ಇತ್ತು, ಕಾಣಲೇ ಇಲ್ಲ. ಖನಿಜ ಕಮ್ಮಿ ಇದೆ, ಹಾಗಾಗಿ ಜಾಸ್ತಿ ಜನ ಗಣಿಗೆ ಬೇಕು ಅಂದ್ಕೊಂಡಿದ್ದೆ.

ಒಂದು ಪ್ರಶ್ನೆ. ಲ್ಯಾಬ್ ಮೊದಲಾ ಫ್ಯಾಕ್ಟರಿ ಮೊದಲಾ? ರಿಸರ್ಚ್ ಲ್ಯಾಬ್ ಕೂಡ 60 ತಾನೇ. ನನ್ನದು ವಿಜ್ಞಾನಿಗಳ ಕುಲ ಅಂದ ಮೇಲೆ ಲ್ಯಾಬೇ ಮೊದಲು ಬರಬೇಕಲ್ವಾ?

---

ಲೆಕ್ಕದ_ಮೇಷ್ಟ್ರು

ಇಲ್ಲ. ಎರಡೂ 60. ನಾಲ್ಕು ಕಾರ್ಮಿಕರನ್ನ ಇಟ್ಟುಕೊಂಡು ಲ್ಯಾಬ್ ಮೊದಲು ಕಟ್ಟಿದರೆ 8 ಟರ್ನ್, ಆಮೇಲೆ ಫ್ಯಾಕ್ಟರಿಗೆ ಮತ್ತೆ 8, ಒಟ್ಟು 16. ಫ್ಯಾಕ್ಟರಿ ಮೊದಲಾದರೆ 8. ಆಮೇಲೆ ಅದೇ ನಾಲ್ಕು ಜನ 17 ತರ್ತಾರೆ, ಹೊಗೆ ಕಳೆದು ಹನ್ನೆರಡೂವರೆ, ಲ್ಯಾಬ್‌ಗೆ 5 ಟರ್ನ್. ಒಟ್ಟು 13. ವಿಜ್ಞಾನಿಗಳ ಕುಲ ಆದರೂ ಇಟ್ಟಿಗೆ ಮೊದಲು.

---

ಧಾರವಾಡ_ಪೇಡಾ

ಎಲ್ಲಾರೂ ತವರ ಗ್ರಹದ ಬಗ್ಗೆನ ಮಾತಾಡಾಕತ್ತೀರಲ್ರೀ. ಆ ಗ್ರಹ ಎಷ್ಟ ಹಿಂಡಿದ್ರೂ ಬಡದ ಇರ್ತೈತಿ.

ನಮ್ಮ ಕಡೆ ಮೆಣಸಿನ ಸಸಿ ಹೆಂಗ ಮಾಡ್ತಾರ ನೋಡೀರೇನ್ರಿ? ಒಂದ ಸಣ್ಣ ಮಡಿಯೊಳಗ ಒತ್ತೊತ್ತಾಗಿ ಬೀಜ ಚೆಲ್ಲಿ ಸಸಿ ಎಬ್ಬಸ್ತಾರ, ಆಮ್ಯಾಲೆ ಕಿತ್ತು ಹೊಲಕ್ಕ ಹಚ್ತಾರ. ಮಡಿಯೊಳಗ ಕಾಯಿ ಹರೀತೀನಿ ಅಂತ ಯಾರೂ ಕುಂಡ್ರೂದಿಲ್ಲ. ನಿಮ್ಮ ತವರ ಗ್ರಹ ಆ ಮಡಿ. ದೊಡ್ಡದೈತಿ, ಟೆರನ್ ಐತಿ, 16 ಮಂದಿ ಹಿಡಸ್ತೈತಿ, ಊಟಕ್ಕ ತೊಂದರಿಲ್ಲ. ಅಲ್ಲಿ ಬೆಳೀಬೇಕಾದ್ದು ಮಂದಿ, ಕಬ್ಬಿಣ ಅಲ್ಲ.

ಇನ್ನೊಂದ ಮಾತು. ಗ್ರಹ ತುಂಬಿದಂಗೆಲ್ಲಾ ಮಂದಿ ಹುಟ್ಟೂದು ನಿಧಾನ ಆಗ್ತೈತಿ. ಅರ್ಧ ತುಂಬಿದಾಗ ಭಾಳ ಜೋರ. ನಿಮ್ಮಲ್ಲಿ ಈಗ 12 ಆಗ್ಯಾರ, ಇನ್ನ ಮುಂದ ಕುಂಟಕೋತ ಬೆಳೀತೈತಿ. ಅಲ್ಲಿಂದ ಮೂರ ಮಂದೀನ ಕಿತ್ತು ರಿಚ್ ಗ್ರಹಕ್ಕ ಕಳಸ್ರಿ. ಇಲ್ಲಿ 2 ತರೋ ಮನುಷಾ ಅಲ್ಲಿ 5 ತರ್ತಾನ, ಮತ್ತ ಇಲ್ಲಿ ಖಾಲಿ ಆದ ಜಾಗಕ್ಕ ಹೊಸಾ ಮಂದಿ ಬರ್ತಾರ.

ಕಳಸಾಕ ಫ್ರೈಟರ್, ಅಂದ್ರ ಸಾಗಣಿ ಹಡಗ ಬೇಕು. ಒಂದ ಫ್ಲೀಟ್ 50, ಅದರಾಗ ಐದ ಫ್ರೈಟರ್. ಒಬ್ಬ ಮನುಷಾನ್ನ ಸಾಗಸಾಕ ಐದೂ ಬೇಕು. ಊಟ ಸಾಗಸೂದಾದ್ರ ಒಂದ ಫ್ರೈಟರ್‌ಗೆ ಒಂದ ಊಟ. 500 ಕೊಟ್ಟು ಇನ್ನೊಂದ ಕಾಲೊನಿ ಶಿಪ್ ಕಟ್ಟೂದಕ್ಕಿಂತ 50ರ ಫ್ಲೀಟ್ ಕಟ್ಟಿ ಅದನ್ನ ಮತ್ತ ಮತ್ತ ಓಡಸ್ರಿ.

ಅದಕ್ಕ ಆ ಪುಕ್ಕಟೆ ಕಾಲೊನಿ ಶಿಪ್ ಭಾಳ ದೊಡ್ಡದು. ಅದರ ಕಿಮ್ಮತ್ತು 500 ಅನ್ನೂದು ನೆನಪಿರ್ಲಿ. ಟಂಡ್ರಾದಾಗ ಹುಗದು ಬಂದೀರಿ ನೀವು.

---

ಗುಬ್ಬಚ್ಚಿ_ಗೂಡು

ಟಂಡ್ರಾದವನ ಬಗ್ಗೆ ಇನ್ನು ಮಾತಾಡಬೇಡಿ, ಈಗಲೇ ನಾಚಿಕೆ ಆಗ್ತಿದೆ.

ಸರಿ, ಹೊಸದಾಗೇ ಶುರು ಮಾಡ್ತೀನಿ. ಶುರುವಿನ ಸೇವ್ ಇದೆ, ನಕ್ಷೆ ಅದೇ ಇರುತ್ತೆ. ಸ್ಕೌಟ್ ನೋಡಿದ್ದರಲ್ಲಿ ಎರಡು ರಿಚ್ ಗ್ರಹ ಇವೆ. ಒಂದು ದೊಡ್ಡದು, ಕೆಸರು ಗ್ರಹ, ರಿಚ್. ಇನ್ನೊಂದು ಮಧ್ಯಮ ಗಾತ್ರ, ಒಣ ನೆಲ, ಅದೂ ರಿಚ್. ಎರಡೂ 4 ಪಾರ್ಸೆಕ್ ಒಳಗೇ ಇವೆ, ಈಗಿರೋ ಫ್ಯುಯೆಲ್ ಸೆಲ್‌ನಲ್ಲೇ ತಲುಪಬಹುದು. ದೊಡ್ಡದಕ್ಕೇ ಹೋಗ್ತೀನಿ, ಕೆಸರಲ್ಲಿ ಬೆಳೆನೂ ಚೆನ್ನಾಗಿ ಬರುತ್ತೆ.

---

ಹಳೇ_ಡಾಸ್

ತಡಿ ತಡಿ. ಗ್ರಾವಿಟಿ ನೋಡಿದ್ಯಾ?

---

ಗುಬ್ಬಚ್ಚಿ_ಗೂಡು

ಹೆವಿ ಜಿ ಅಂತಿದೆ. ಏನಾಗುತ್ತೆ?

---

ಹಳೇ_ಡಾಸ್

ನಿನ್ನ ಜನ ಸಾಧಾರಣ ಗುರುತ್ವದವರು. ಹೆವಿ ಜಿ ನೆಲದಲ್ಲಿ ಅವರ ಕೆಲಸ ಅರ್ಧ ಆಗುತ್ತೆ. 5 ಅಂತ ಹೋದರೆ ಕೈಗೆ ಬರೋದು ಎರಡೂವರೆ, ಬೆಳೆಯೂ ಅರ್ಧ. ತವರಿನ 2 ಬಿಟ್ಟು ಎರಡೂವರೆಗೆ ಗಂಟುಮೂಟೆ ಕಟ್ಟಿಕೊಂಡು ಹೋದ ಹಾಗಾಯ್ತು. ಗ್ರಹ ದೊಡ್ಡದಾಗಿ, ಜೊತೆಗೆ ಖನಿಜವೂ ತುಂಬಿದ್ದರೆ ಸಾಮಾನ್ಯವಾಗಿ ಹೀಗೇ ಭಾರ ಇರುತ್ತೆ. ಮುಂದೆ ಗ್ರಾವಿಟಿ ಜನರೇಟರ್ ಕಟ್ಟಿದ ಮೇಲೆ ಅದು ಚಿನ್ನದಂಥ ಜಾಗ, ಈಗಲ್ಲ.

ಮಧ್ಯಮದ್ದಕ್ಕೆ ಹೋಗು. ಒಣ ನೆಲ ಆದರೂ 9 ಜನ ಹಿಡಿಯುತ್ತೆ. ಅಲ್ಲಿ ರೈತ ತನ್ನ ಹೊಟ್ಟೆಗಾಗುವಷ್ಟು ಮಾತ್ರ ಬೆಳೀತಾನೆ, ಹಾಗಾಗಿ ಊಟ ತವರಿಂದ ಫ್ರೈಟರ್‌ನಲ್ಲಿ ಹೋಗಲಿ. ಅಲ್ಲಿರೋರು ಬರೀ ಕಾರ್ಮಿಕರಾಗಿರಲಿ. ಫ್ಲೀಟ್ ಬರೋವರೆಗೆ ಮಾತ್ರ ಮೊದಲನೆಯವನು ರೈತನಾಗಿರಲಿ, ಇಲ್ಲದಿದ್ದರೆ ಉಪವಾಸ.

---

ರಾತ್ರಿಪಾಳಿ

ಸರಿ ಸರಿ, ಬಲೆ ಅಂದಿದ್ದನ್ನ ಅರ್ಧ ವಾಪಸ್ ತಗೋತೀನಿ. ಆದರೂ ಒಂದು ಎಚ್ಚರಿಕೆ: ದುಡ್ಡು ಸಾಲದು ಅಂತ ಟ್ಯಾಕ್ಸ್ ಏರಿಸಬೇಡಿ. ಟ್ಯಾಕ್ಸ್ ಹೋಗೋದು ಉತ್ಪಾದನೆಯಿಂದ. ನಿಮ್ಮಲ್ಲಿ ಇಲ್ಲದ್ದೇ ಅದು. ಉತ್ಪಾದನೆಯನ್ನ ದುಡ್ಡು ಮಾಡೋ ಟ್ರೇಡ್ ಗೂಡ್ಸ್ ಕೂಡ ಹಾಗೇ, ಎರಡು ಕೊಟ್ಟರೆ ಒಂದು ಬಿಸಿ (BC, ಆಟದ ದುಡ್ಡು). ಇರೋ ಬಿಸಿಯನ್ನ ಹೊಸ ಗ್ರಹದ ಫ್ಯಾಕ್ಟರಿಗೆ ಇಟ್ಟುಕೊಳ್ಳಿ. ಅರ್ಧ ಕಟ್ಟಿ ಆದ ಮೇಲೆ ಕೊಳ್ಳಿ, ಆಗ ಉಳಿದದ್ದಕ್ಕೆ ಒಂದಕ್ಕೆ 2 ಬಿಸಿ. ಮೊದಲ ಟರ್ನ್‌ನಲ್ಲೇ ಕೊಂಡರೆ ಅದರ ದುಪ್ಪಟ್ಟು ಹತ್ತಿರ ಕೇಳುತ್ತೆ.

ಮತ್ತೆ ಆ ಫ್ರಿಗೇಟ್ ಕಟ್ಟಬೇಡಿ ದಯವಿಟ್ಟು. ತವರಿಗೆ ಸ್ಟಾರ್ ಬೇಸ್ ಇದ್ದೇ ಇದೆ. ಹಡಗು ಜಾಸ್ತಿಯಾಗಿ ಕಮಾಂಡ್ ಪಾಯಿಂಟ್ (ಎಷ್ಟು ಹಡಗು ಸಾಕಬಹುದು ಅನ್ನೋ ಮಿತಿ) ಮೀರಿದರೆ ಮೀರಿದ ಒಂದೊಂದಕ್ಕೂ ಟರ್ನ್‌ಗೆ 10 ಬಿಸಿ ಕಿತ್ತುಕೊಳ್ಳುತ್ತೆ.

---

ಧಾರವಾಡ_ಪೇಡಾ

ಮಿಕ್ಕಿದ ಊಟ ಮಾರಿದ್ರ ಒಂದಕ್ಕ ಅರ್ಧ ಬಿಸಿ ಬರ್ತೈತ್ರಿ. ಸಣ್ಣದಿರಬಹುದು, ಆದ್ರ ಒಬ್ಬ ರೈತ ಹೆಚ್ಚಿಗಿ ಆದ್ರೂ ನಷ್ಟ ಇಲ್ಲ ಅನ್ನಾಕ ಹೇಳಿದೆ.

---

ಗುಬ್ಬಚ್ಚಿ_ಗೂಡು

ಮೂರು ರಾತ್ರಿ ಆದ ಮೇಲೆ ಬಂದೆ. ವರದಿ ಕೊಡ್ತೀನಿ.

ಮೊದಲ ಹತ್ತು ಟರ್ನ್ ಭಯಂಕರ ಕಷ್ಟ ಆಯ್ತು. ಆಟದಿಂದಲ್ಲ, ಕೈ ಕಟ್ಟಿ ಕೂರೋದರಿಂದ. ಉತ್ಪಾದನೆ 0 ಅಂತ ನೋಡಿದಾಗೆಲ್ಲ ಒಬ್ಬನನ್ನಾದರೂ ಕೆಳಗೆ ಇಳಿಸೋಣ ಅನ್ಸೋದು. ಇಳಿಸಲಿಲ್ಲ. 11ನೇ ಟರ್ನ್‌ಗೆ ಅಡ್ವಾನ್ಸ್ಡ್ ಕನ್‌ಸ್ಟ್ರಕ್ಷನ್ ಬಂತು. ಕುಡ್ಲದವರ ಮಿಸೈಲ್ ಬೇಸ್ ಕಥೆ ನೆನಪಾಗಿ ನಗು ಬಂತು, ಫ್ಯಾಕ್ಟರಿ ತಗೊಂಡೆ. ಆಗಲೇ ಜನ ಬೆಳೆದು ಐದು ಕಾರ್ಮಿಕರು ಸಿಕ್ಕಿದ್ರು, 18ಕ್ಕೆ ಕಟ್ಟಿ ಮುಗೀತು.

ಕಾಲೊನಿ ಶಿಪ್ ಒಣ ಗ್ರಹಕ್ಕೆ ಹೋಯ್ತು. ಆಮೇಲೆ ತವರಲ್ಲಿ ಫ್ರೈಟರ್ ಫ್ಲೀಟ್, ಆಮೇಲೆ ಲ್ಯಾಬ್. 24ನೇ ಟರ್ನ್‌ನಿಂದ ಒಬ್ಬೊಬ್ಬರನ್ನೇ ಸಾಗಿಸಿದೆ. ಒಂದು ಎಡವಟ್ಟಾಯ್ತು: ಒಂದೇ ಫ್ಲೀಟ್ ಇದ್ದಿದ್ದರಿಂದ ಜನ ಸಾಗಿಸೋ ಟರ್ನ್‌ಗಳಲ್ಲಿ ಊಟಕ್ಕೆ ಫ್ರೈಟರ್ ಇರಲಿಲ್ಲ, ಅಲ್ಲಿ ಉಪವಾಸದ ಎಚ್ಚರಿಕೆ ಬಂತು. ಎರಡನೇ ಫ್ಲೀಟ್ ಕಟ್ಟಿದ ಮೇಲೆ ಸರಿಹೋಯ್ತು. ಇದನ್ನ ಮೊದಲೇ ಹೇಳಬಾರದಾ ಧಾರವಾಡದ ಅಣ್ಣಾ!

ಅಲ್ಲಿನ ಫ್ಯಾಕ್ಟರಿ ಅರ್ಧ ಆದ ಮೇಲೆ 60 ಬಿಸಿ ಕೊಟ್ಟು ಕೊಂಡೆ. ಈಗ ಟರ್ನ್ 40, ಅದೇ ಸ್ಟಾರ್‌ಡೇಟ್ 3504.0. ಒಣ ಗ್ರಹದಲ್ಲಿ 4 ಕಾರ್ಮಿಕರು, ತಲೆಗೆ 6, ಮೇಲೆ 5, ಒಟ್ಟು 29.

---

ಲೆಕ್ಕದ_ಮೇಷ್ಟ್ರು

ಮಧ್ಯಮ ಗ್ರಹ ತಡೆಯೋದು 6. ಮಿಕ್ಕ 23ರಲ್ಲಿ ಅರ್ಧ ಹೊಗೆಗೆ. ಕೈಗೆ ಹದಿನೇಳೂವರೆ.

---

ಗುಬ್ಬಚ್ಚಿ_ಗೂಡು

ಹೌದು ಮೇಷ್ಟ್ರೇ, ಅಷ್ಟೇ ಬರ್ತಿದೆ. ಹೋದ ಸಲ ಇದೇ ಟರ್ನ್‌ಗೆ ಇಡೀ ಸಾಮ್ರಾಜ್ಯಕ್ಕೆ 9 ಇತ್ತು. ಈಗ ಇದೊಂದರಿಂದಲೇ ಅದರ ಎರಡರಷ್ಟು. ತವರಲ್ಲಿ ಕಾರ್ಮಿಕರು ಇಬ್ಬರೇ, ಉಳಿದವರೆಲ್ಲ ರೈತರು, ವಿಜ್ಞಾನಿಗಳು.

ಈಗ ಕ್ಲಾಕನ್ ರಾಯಭಾರಿ ಬಂದು ವ್ಯಾಪಾರ ಒಪ್ಪಂದ ಕೇಳ್ತಿದ್ದಾನೆ. ಶುರುವಿಗೆ ನಷ್ಟ ತೋರಿಸುತ್ತೆ ಅಂತ ಎಲ್ಲೋ ಓದಿದ್ದೆ. ಸಹಿ ಹಾಕ್ಲಾ?

---

ಹಳೇ_ಡಾಸ್

ಹಾಕು. ಮೊದಲಿಗೆ ಕೈಯಿಂದ ಹೋಗುತ್ತೆ, ನಿಧಾನಕ್ಕೆ ಲಾಭಕ್ಕೆ ತಿರುಗುತ್ತೆ. ಎಷ್ಟು ಬೇಗ ಹಾಕ್ತೀಯೋ ಅಷ್ಟು ಬೇಗ ತಿರುಗುತ್ತೆ. ಒಪ್ಪಂದ ಇರೋವರೆಗೆ ಹುಳುಗಳಿಗೂ ಮೇಲೆ ಬೀಳೋಕೆ ಸ್ವಲ್ಪ ಮುಜುಗರ.

ಅಂದಹಾಗೆ ಆ ಟಂಡ್ರಾ ಏನಾಯ್ತು?

---

ಗುಬ್ಬಚ್ಚಿ_ಗೂಡು

ಖಾಲಿ ಇದೆ ಅಣ್ಣ. ಟರ್ನ್ ಮುಗಿಸೋವಾಗ ಒಂದೊಂದ್ಸಲ ಅತ್ತ ಕಣ್ಣು ಹೋಗುತ್ತೆ.